ಆಕಾಶದಿಂದ ಕಡಲಿನ ಅಳತೆ



ಮಳೆಗಾಲ ಬಂದಿತೆಂದರೆ ಕೊಲ್ಹಾಪುರದ ರಾಜಾರಾಮ ಬಾಂದಾರದಲ್ಲಿ ಪಂಚಗಂಗೆ ಎಷ್ಟು ಅಡಿಗೇರಿತೆಂದು ಕೇಳದ ಮನೆಯಿಲ್ಲ. ಅಲ್ಲಿ ಅಪಾಯದ ಮಟ್ಟ 43 ಅಡಿ. 2019ರ ಆಗಸ್ಟಿನಲ್ಲಿ ನೀರು 55 ಅಡಿಯನ್ನೂ ಮೀರಿತು. ಇಚಲಕರಂಜಿಯವರಿಗೆ ಈ ಪಂಚಗಂಗೆಯ, ಗಡಹಿಂಗ್ಲಜದವರಿಗೆ ಹಿರಣ್ಯಕೇಶಿಯ ಚಿಂತೆ. ನದಿಗಾದರೆ ದಂಡೆಯುಂಟು, ಅಳತೆಯ ಪಟ್ಟಿಯನ್ನು ನಿಲ್ಲಿಸಬಹುದು. ನಡುಗಡಲಿನಲ್ಲಿ ಅದನ್ನು ನಿಲ್ಲಿಸುವುದೆಲ್ಲಿ?

ಈ ಕೆಲಸವನ್ನು ರಾಡಾರ್ ಎತ್ತರಮಾಪಕವು ಮಾಡುತ್ತದೆ. 2013ರ ಫೆಬ್ರವರಿ 25ರಂದು ಶ್ರೀಹರಿಕೋಟೆಯಿಂದ ಭಾರತ ಮತ್ತು ಫ್ರಾನ್ಸ್ ದೇಶಗಳ 'ಸರಳ್' ಉಪಗ್ರಹವು ಇಂಥ ಯಂತ್ರವನ್ನು ಹೊತ್ತು ಮೇಲೇರಿತು. (ಆ ಹೆಸರಿನ ಅರ್ಥವನ್ನು ಕನ್ನಡಿಗರಿಗಾಗಲಿ ಮರಾಠಿಗರಿಗಾಗಲಿ ಬಿಡಿಸಿ ಹೇಳಬೇಕಾಗಿಲ್ಲ, ಕೆಲಸ ಮಾತ್ರ ಸರಳವಲ್ಲ.) ಸುಮಾರು 800 ಕಿಲೋಮೀಟರ್ ಎತ್ತರದಿಂದ ಅದು ಕೆಳಗೆ ರೇಡಿಯೋ ತರಂಗವನ್ನು ಕಳುಹಿಸಿ, ನೀರಿಗೆ ತಾಗಿ ಮರಳುವ ಪ್ರತಿಧ್ವನಿಯ ಕಾಲವನ್ನು ಅಳೆಯುತ್ತಿತ್ತು. ತರಂಗವು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಧಾವಿಸುವುದರಿಂದ, ಹೋಗಿ ಬರಲು ಸೆಕೆಂಡಿನ ಸಾವಿರದಲ್ಲಿ ಐದು ಪಾಲಿಗಿಂತ ತುಸು ಹೆಚ್ಚು ಕಾಲ ಸಾಕು. ಆದರೆ ಮೂರು ಸೆಂಟಿಮೀಟರಿನ ಭೇದವನ್ನು ತಿಳಿಯಬೇಕಾದರೆ ಒಂದು ಸೆಕೆಂಡನ್ನು 500 ಕೋಟಿ ಪಾಲು ಮಾಡಿ ಅದರಲ್ಲೊಂದನ್ನು ಗುರುತಿಸಬೇಕು! ಅದಕ್ಕಾಗಿಯೇ ಸಾವಿರಾರು ಪ್ರತಿಧ್ವನಿಗಳ ಸರಾಸರಿಯನ್ನು ತೆಗೆಯುವರು. ಗಾಳಿಯಲ್ಲಿಯ ತೇವವು ತರಂಗವನ್ನು ತಡೆತಡೆದು ಕಳುಹಿಸುವುದರಿಂದ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಎಲ್ಲಕ್ಕೂ ಮಿಗಿಲಾಗಿ ಉಪಗ್ರಹವು ತಾನೇ ಎಲ್ಲಿದೆಯೆಂಬುದು ಅಂಗುಲದ ನಿಖರತೆಯಲ್ಲಿ ಗೊತ್ತಿರಬೇಕು. ನಮ್ಮ ದೃಷ್ಟಿಯಲ್ಲಿ ಈ ವಿದ್ಯೆಯ ನಿಜವಾದ ಸಾಹಸವಿರುವುದು ಇಲ್ಲಿಯೇ.

ಇಂಥ ಉಪಗ್ರಹಗಳ ಅಳತೆಯಿಂದಲೇ 1993ರಿಂದ ಈಚೆಗೆ ಜಗತ್ತಿನ ಸಮುದ್ರಮಟ್ಟವು ಸರಾಸರಿ ಸುಮಾರು 10 ಸೆಂಟಿಮೀಟರ್ ಏರಿದೆಯೆಂದು ತಿಳಿದುಬಂದಿದೆ. ಹಿಮದ ಹಾಸುಗಳ ಅಳತೆ ಇನ್ನೂ ಕಠಿನ. ಎರಡು ಸೆಂಟಿಮೀಟರ್ ಉದ್ದದ ತರಂಗವು ಒಣಹಿಮದೊಳಗೆ ಕೆಲವು ಮೀಟರ್ ಇಳಿದುಬಿಡುತ್ತದೆ. ಸರಳ್‌ನ ತರಂಗದ ಉದ್ದ ಎಂಟು ಮಿಲಿಮೀಟರ್ ಮಾತ್ರ. ಅದು ಮೇಲ್ಪದರದ ಹತ್ತಿರವೇ ಮರಳುತ್ತಿತ್ತು. ಜೋರುಮಳೆಯಲ್ಲಿ ಮಾತ್ರ ಅದೇ ತರಂಗ ಸೊರಗುತ್ತಿತ್ತು.

ಹಾಗಾದರೆ ಇದು ನಮ್ಮ ಪಂಚಗಂಗೆಯ ಪ್ರವಾಹವನ್ನು ತಿಳಿಸಬಲ್ಲುದೆ ಎಂದು ವಿದ್ಯಾರ್ಥಿಗಳು ಕೇಳುವುದು ಸಹಜ. ಅಗಲವಾದ ಜಲಾಶಯಗಳ ಮಟ್ಟವನ್ನು ಇಂಥ ಯಂತ್ರ ಅಳೆಯಬಲ್ಲುದು. ಆದರೆ ಸರಳ್ ತನ್ನ ಮೊದಲ ಕಕ್ಷೆಯಲ್ಲಿ ಒಂದೇ ಜಾಡಿಗೆ ಮರಳುತ್ತಿದ್ದುದು 35 ದಿನಗಳಿಗೊಮ್ಮೆ. 2022ರ ಡಿಸೆಂಬರಿನಲ್ಲಿ ಹಾರಿದ 'ಸ್ವಾಟ್' ಅಗಲವಾದ ಪಟ್ಟಿಯನ್ನೇ ನೋಡುತ್ತ ನದಿಗಳನ್ನೂ ಅಳೆಯುವಂತೆ ರಚಿತವಾದದ್ದು. ಅದರ ಸುತ್ತು ಮುಗಿಯಲೂ 21 ದಿನ ಬೇಕು. ಪಂಚಗಂಗೆಯಾದರೋ ಎರಡು ದಿನಗಳಲ್ಲಿ ಏರಿಬಿಡುತ್ತಾಳೆ. ಆ ಎರಡು ದಿನ ರಾಜಾರಾಮ ಬಾಂದಾರದ ಪಟ್ಟಿಯನ್ನೇ ಓದಬೇಕು.