ಅಂಗಳದ ಅಗಲ, ಆಟದ ಲಯ

ಮೂವತ್ತು ವರ್ಷ ಕನ್ನಡ ಛಂದಸ್ಸನ್ನು ಪಾಠ ಹೇಳಿದವನು ಮಂಜುಗಡ್ಡೆಯ ಮೇಲಿನ ಹಾಕಿಯನ್ನು ಕುರಿತು ಮಾತನಾಡಲು ಹೊರಟಿರುವುದು ಶ್ರೋತೃಗಳಿಗೆ ಸೋಜಿಗವೆನಿಸಬಹುದು. ಅದಕ್ಕೆ ಕಾರಣ ನನ್ನ ಮೊಮ್ಮಗ. ನಿವೃತ್ತನಾದ ಮೇಲೆ ಒಂದು ಚಳಿಗಾಲವನ್ನು ಕೆನಡಾದ ವಿನಿಪೆಗ್ ನಗರದಲ್ಲಿ ಮಗಳ ಮನೆಯಲ್ಲಿ ಕಳೆದೆ. ಹತ್ತು ವರ್ಷದ ಆ ಹುಡುಗ ಗಿಡ್ಡ, ಸಣಕಲ. ಆಟವೆಂದರೆ ಮಾತ್ರ ಪ್ರಾಣ. “ಇಲ್ಲಿನ ಅಂಗಳ ಕಿರಿದು, ಮಾವ. ದೊಡ್ಡವನಾದಂತೆ ಇದು ಮೈಕಟ್ಟಿನವರ ಆಟವಾಗುತ್ತದೆ. ಬಿಡಿಸಿಬಿಡೋಣವೆಂದಿದ್ದೇನೆ” ಎಂದರು ಅಳಿಯಂದಿರು. ನಾನೂ ತಲೆಯಾಡಿಸಿದೆ. ಹಾಗೆ ತಲೆಯಾಡಿಸಿದ್ದು ಸರಿಯೇ ಎಂಬ ಪ್ರಶ್ನೆ ಅಂದು ರಾತ್ರಿ ನನ್ನನ್ನು ನಿದ್ರಿಸಗೊಡಲಿಲ್ಲ.

ಅವರ ಮಾತಿನಲ್ಲಿ ಹುರುಳಿಲ್ಲದಿರಲಿಲ್ಲ. ಈ ಆಟ 1875ರಲ್ಲಿ ಮಾಂಟ್ರಿಯಲ್ ನಗರದ ವಿಕ್ಟೋರಿಯಾ ರಿಂಕ್ ಎಂಬ ಕಟ್ಟಡದೊಳಗೆ ಬಂದಾಗ ಅಲ್ಲಿನ ಹಿಮದ ಹಾಸು ಸುಮಾರು 200 ಅಡಿ ಉದ್ದ, 80 ಅಡಿ ಅಗಲವಿತ್ತು. ಉತ್ತರ ಅಮೆರಿಕದ ವೃತ್ತಿಪರ ಲೀಗಿನ ಅಳತೆ ಇಂದಿಗೂ ಅದಕ್ಕೆ ಸಮೀಪವೇ: 200 ಅಡಿಗೆ 85 ಅಡಿ. ಯುರೋಪಿನಲ್ಲಿ ಬಹುಕಾಲ ರೂಢಿಯಲ್ಲಿದ್ದ ಅಂಗಳದ ಉದ್ದ ಹೆಚ್ಚುಕಡಿಮೆ ಅಷ್ಟೇ; ಅಗಲ ಮಾತ್ರ 30 ಮೀಟರು, ಎಂದರೆ 98 ಅಡಿ. ಎರಡೂ ಕಡೆ ಆಡುವವರು ಆರಾರು ಮಂದಿಯೇ. ಕಿರಿದಾದ ಅಂಗಳದಲ್ಲಿ ರಬ್ಬರಿನ ಬಿಲ್ಲೆ ಕೋಲಿಗೆ ತಾಗುವಷ್ಟರಲ್ಲಿ ಎದುರಾಳಿ ಮೈಮೇಲೆ ಬಂದಿರುತ್ತಾನೆ. ಸುತ್ತಲಿನ ಹಲಗೆಗೋಡೆಗೆ ಒತ್ತುವುದು, ಡಿಕ್ಕಿ ಕೊಡುವುದು, ಕಂಡೊಡನೆ ಗೋಲಿನತ್ತ ಹೊಡೆಯುವುದು ಅಲ್ಲಿನ ಶೈಲಿ. ವಿಶಾಲವಾದ ಅಂಗಳದಲ್ಲಿ ಸುತ್ತಿ ಬಳಸಿ ಜಾರುತ್ತ, ಒಬ್ಬರಿಂದೊಬ್ಬರಿಗೆ ದಾಟಿಸುತ್ತ ಕಾಯುವುದಕ್ಕೆ ಎಡೆಯುಂಟು. ರಷ್ಯನ್ನರಂತೂ ಈ ಆಟಕ್ಕೆ ಬರುವ ಮುನ್ನ ಕಾಲ್ಚೆಂಡಿನ ಮೈದಾನದಷ್ಟು ಹರವಾದ ಹಿಮದ ಮೇಲೆ ‘ಬ್ಯಾಂಡಿ’ ಆಡಿ ಪಳಗಿದವರು.

ನನಗೆ ತಟ್ಟನೆ ಹೊಳೆದುದು ಕಂದ ಮತ್ತು ರಗಳೆ. ಕಂದಕ್ಕೆ ನಾಲ್ಕು ಪಾದ, ಒಟ್ಟು 64 ಮಾತ್ರೆ, ಹೊರಳಲು ಜಾಗವಿಲ್ಲ. ರಗಳೆಗೆ ಪಾದಗಳ ಮಿತಿಯಿಲ್ಲ, ಹರಿದಷ್ಟೂ ದಾರಿ. ಛಂದಸ್ಸೇ ಶೈಲಿಯನ್ನು ನಿರ್ಣಯಿಸುತ್ತದೆಂದು ನಾನು ತರಗತಿಯಲ್ಲಿ ಹೇಳುತ್ತಿದ್ದುದುಂಟು.

ಆದರೆ ಚರಿತ್ರೆ ಈ ಸೂತ್ರಕ್ಕೆ ಒಗ್ಗುವುದಿಲ್ಲ. 1972ರಲ್ಲಿ ಕೆನಡಾ ಮತ್ತು ಸೋವಿಯತ್ ತಂಡಗಳು ಎಂಟು ಪಂದ್ಯಗಳನ್ನಾಡಿದವು. ಮಾಂಟ್ರಿಯಲ್‌ನ ಕಿರಿದಾದ ಅಂಗಳದಲ್ಲಿ ಗೆದ್ದವರು ಸೋವಿಯತ್ತರು, 7-3ರಿಂದ. ತವರಿನ ನಾಲ್ಕು ಪಂದ್ಯಗಳಲ್ಲಿ ಕೆನಡಾ ಗೆದ್ದುದು ಒಂದನ್ನೇ. ಮಾಸ್ಕೋದ ವಿಶಾಲ ಅಂಗಳದಲ್ಲೋ, ಮೊದಲನೆಯದನ್ನು ಸೋತು ಉಳಿದ ಮೂರನ್ನೂ ಗೆದ್ದಿತು; ಕೊನೆಯ ಪಂದ್ಯ ಮುಗಿಯಲು 34 ಸೆಕೆಂಡುಗಳಿರುವಾಗ ಪಾಲ್ ಹೆಂಡರ್ಸನ್ ಹೊಡೆದ ಗೋಲು ಸರಣಿಯನ್ನೇ ಗೆದ್ದುಕೊಟ್ಟಿತು. ಅಂಗಳ ಶೈಲಿಯನ್ನು ರೂಪಿಸಿತ್ತು, ದಿಟ. ಆದರೆ ಹಾಗೆ ರೂಪುಗೊಂಡ ಶೈಲಿ ಆಟಗಾರನೊಡನೆ ಪಯಣಿಸುತ್ತದೆ. ಪರರ ಅಂಗಳದಲ್ಲಿಯೂ ಬಾಳುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ವಿಶಾಲ ಅಂಗಳದ ಹೆಚ್ಚುವರಿ ಜಾಗವಿರುವುದು ಅಂಚಿನಲ್ಲಿ. ಗೋಲೋ ನಡುವೆ, ಆರೇ ಅಡಿ ಅಗಲ. ರಕ್ಷಕರು ನಡುವನ್ನು ಭದ್ರಪಡಿಸಿ ಅಂಚನ್ನು ಎದುರಾಳಿಗೆ ಬಿಟ್ಟುಕೊಟ್ಟರೆ, ಆ ಸ್ವಾತಂತ್ರ್ಯ ಬರಿಯ ಸುತ್ತಾಟವಾಗುತ್ತದೆ. 2014ರ ಸೋಚಿ ಒಲಿಂಪಿಕ್ಸಿನ ವಿಶಾಲ ಅಂಗಳದಲ್ಲಿ ಕೆನಡಾದ ಪುರುಷರು ಆರು ಪಂದ್ಯಗಳಲ್ಲಿ ಬಿಟ್ಟುಕೊಟ್ಟುದು ಮೂರೇ ಗೋಲು, ಚಿನ್ನ ಅವರದಾಯಿತು. ಎಡೆ ಹೆಚ್ಚಿದ ಮಾತ್ರಕ್ಕೆ ಸತ್ವ ಹೆಚ್ಚುವುದಿಲ್ಲ. ದೀರ್ಘವಾದ ರಗಳೆಗಳನ್ನು ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗೆಂದು ನೆಲವನ್ನು ಅಲಕ್ಷಿಸುವಂತೆಯೂ ಇಲ್ಲ. ಅದೇ ಮಾಂಟ್ರಿಯಲ್‌ನಲ್ಲಿ, 1976ರಲ್ಲಿ, ಒಲಿಂಪಿಕ್ ಹಾಕಿ ಮೊದಲ ಬಾರಿಗೆ ಕೃತಕ ಹಾಸಿನ ಮೇಲೆ ನಡೆಯಿತು. ಅದುವರೆಗೆ ಏಳು ಚಿನ್ನ ಗೆದ್ದಿದ್ದ ನಾವು ಏಳನೆಯ ಸ್ಥಾನಕ್ಕಿಳಿದೆವು. ಅದೊಂದೇ ಕಾರಣವಲ್ಲದಿರಬಹುದು, ಆದರೂ ನೆಲ ಬದಲಾದಾಗ ಕಲಿತುದನ್ನು ಮತ್ತೆ ಕಲಿಯಬೇಕಾಗುತ್ತದೆ.

ಮರುದಿನ ಮೊಮ್ಮಗನ ಆಟವನ್ನು ಕಣ್ಣಿಟ್ಟು ನೋಡಿದೆ. ದೊಡ್ಡ ಹುಡುಗರು ತನ್ನನ್ನು ಮುಟ್ಟುವ ಮುನ್ನವೇ ಅವನು ಬಿಲ್ಲೆಯನ್ನು ಗೆಳೆಯನಿಗೆ ದಾಟಿಸಿಬಿಡುತ್ತಿದ್ದ. ಇಕ್ಕಟ್ಟು ಅವನಿಗೆ ಮುಂಗಾಣುವುದನ್ನು ಕಲಿಸಿತ್ತು. ಮನೆಗೆ ಬಂದು ಅಳಿಯಂದಿರಿಗೆ ಹೇಳಿದೆ: “ನಿನ್ನೆ ತಲೆಯಾಡಿಸಿದ್ದನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಕಿರಿದಾದ ಅಂಗಳ ಬೇಡುವುದು ಮೈಬಲವೊಂದನ್ನೇ ಅಲ್ಲ.” ಅವರು ನಕ್ಕರು, ಹುಡುಗನನ್ನು ಬಿಡಿಸಲಿಲ್ಲ. ಮುಂದೆ ಅವನು ಗೆಲ್ಲುವನೋ ಸೋಲುವನೋ ಹೇಳಲಾರೆ. ತರಗತಿಯಲ್ಲಿ ನಾನು ಅರ್ಧ ಹೇಳಿ ನಿಲ್ಲಿಸಿದ್ದ ಪಾಠವನ್ನಂತೂ ಅವನು ಪೂರ್ತಿಮಾಡಿದ: ಛಂದಸ್ಸು ಕವಿಗೆ ಅಂಗಳವನ್ನು ಕೊಡುತ್ತದೆ; ಕಾವ್ಯವನ್ನು ಅವನೇ ಕಟ್ಟಬೇಕು.