ಕಡಲಾಳಕ್ಕೆ ಇಳಿಯುವ ಇಂಗಾಲ



ಮರ ಬೆಳೆದರೆ ಗಾಳಿಯಲ್ಲಿನ ಇಂಗಾಲ ತಗ್ಗುತ್ತದೆ ಎಂಬ ಮಾತು ಸಭೆಗಳಲ್ಲಿ ಕೇಳಿ ಕೇಳಿ ಸವೆದಿದೆ. ಸಮುದ್ರದ ಕುರಿತು ಅಷ್ಟು ಚರ್ಚೆ ನಡೆಯುವುದಿಲ್ಲ. ಆದರೆ ಭೂಮಿಯ ಒಟ್ಟು ದ್ಯುತಿಸಂಶ್ಲೇಷಣೆಯಲ್ಲಿ ಸುಮಾರು ಅರ್ಧದಷ್ಟು ನಡೆಯುವುದು ಕಡಲಿನಲ್ಲಿ, ಬರಿಗಣ್ಣಿಗೆ ಕಾಣದ ಸಸ್ಯಪ್ಲವಕಗಳಿಂದ. ನೀರಿನ ಮೇಲುಪದರದಲ್ಲಿ ತೇಲುವ ಈ ಸೂಕ್ಷ್ಮಜೀವಿಗಳು ವರ್ಷಕ್ಕೆ ಸುಮಾರು 5,000 ಕೋಟಿ ಟನ್ ಇಂಗಾಲವನ್ನು ಹಿಡಿಯುತ್ತವೆ.

ಹಿಡಿದದ್ದೆಲ್ಲವೂ ಉಳಿಯುತ್ತದೆಯೇ? ಇಲ್ಲ. ಅದರ ಬಹುಪಾಲನ್ನು ಪ್ರಾಣಿಪ್ಲವಕಗಳೂ ಬ್ಯಾಕ್ಟೀರಿಯಾಗಳೂ ಕೆಲವೇ ದಿನಗಳಲ್ಲಿ ತಿಂದು ಮುಗಿಸುತ್ತವೆ. ಉಸಿರಾಟದ ಮೂಲಕ ಇಂಗಾಲ ಮರಳಿ ಮೇಲುನೀರಿಗೇ ಸೇರುತ್ತದೆ. ಬೆಳಕು ತಲಪುವ ಪದರವನ್ನು ದಾಟಿ ಕೆಳಗಿಳಿಯುವುದು ವರ್ಷಕ್ಕೆ 500ರಿಂದ 1,200 ಕೋಟಿ ಟನ್ ಎಂಬುದು ವಿಜ್ಞಾನಿಗಳ ಅಂದಾಜು. ಹಾಗೆ ಇಳಿಯುವ ವಸ್ತುವಿಗೆ ‘ಕಡಲ ಹಿಮ’ ಎಂಬ ಚೆಂದದ ಹೆಸರಿದೆ. ಅದರ ಒಡಲು ಮಾತ್ರ ಅಷ್ಟೇನೂ ಚೆಂದವಲ್ಲ: ಸತ್ತ ಜೀವಕೋಶಗಳು, ಸಿಗಡಿಜಾತಿಯ ಕಿರುಜೀವಿಗಳ ಹಿಕ್ಕೆ, ಅವು ಕಳಚಿದ ಪೊರೆ, ಇವನ್ನೆಲ್ಲ ಅಂಟಿಸಿ ಹಿಡಿದ ಲೋಳೆ. ದಿನಕ್ಕೆ ಕೆಲವು ಹತ್ತು ಮೀಟರಿನಿಂದ ಕೆಲವು ನೂರು ಮೀಟರಿನಷ್ಟು ವೇಗದಲ್ಲಿ ಅದು ಉದುರುತ್ತದೆ. ನಾಲ್ಕು ಕಿಲೋಮೀಟರ್ ಆಳದ ತಳ ಮುಟ್ಟಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು.

ಈ ಪಯಣದುದ್ದಕ್ಕೂ ಸೋರಿಕೆ ತಪ್ಪಿದ್ದಲ್ಲ. ಬೆಟ್ಟದ ದರಕು ಗೆದ್ದಲು, ಅಣಬೆ, ಎರೆಹುಳುಗಳ ಪಾಲಾಗಿ, ಮಣ್ಣಿನಲ್ಲಿ ನಿಲ್ಲುವುದು ಅಲ್ಪವಷ್ಟೇ ಅಲ್ಲವೇ? ಕಡಲಿನಲ್ಲೂ ಹಾಗೆಯೇ. ಅಮೆರಿಕದ ವಿಜ್ಞಾನಿ ಜಾನ್ ಮಾರ್ಟಿನ್ ಮತ್ತು ಸಂಗಡಿಗರು ಶಾಂತಸಾಗರದಲ್ಲಿ ಬಲೆಪಾತ್ರೆಗಳನ್ನು ಇಳಿಬಿಟ್ಟು, ಉದುರುವ ಕಣಗಳನ್ನು ಅಳೆದು, 1987ರಲ್ಲಿ ಒಂದು ಸೂತ್ರವನ್ನು ಮುಂದಿಟ್ಟರು. ಅದರ ಪ್ರಕಾರ ನೂರು ಮೀಟರ್ ಆಳದಲ್ಲಿ ನೂರು ಪಾಲಿದ್ದರೆ, ಸಾವಿರ ಮೀಟರಿನಲ್ಲಿ ಉಳಿಯುವುದು ಸುಮಾರು ಹದಿನಾಲ್ಕು. ನಾಲ್ಕು ಸಾವಿರ ಮೀಟರಿನಲ್ಲಿ ಸುಮಾರು ನಾಲ್ಕು. ಎಲ್ಲಿ ಕೊಳೆಯಿತು ಎಂಬುದೇ ಇಲ್ಲಿ ಮುಖ್ಯ. ಇನ್ನೂರು ಮೀಟರಿನಲ್ಲಿ ಕೊಳೆತರೆ ಇಂಗಾಲ ಬೇಗನೆ ಗಾಳಿಗೆ ಮರಳಬಹುದು. ಸಾವಿರ ಮೀಟರಿನ ಕೆಳಗೆ ಕೊಳೆತರೆ ಅದು ಮತ್ತೆ ಮೇಲೆ ಬರಲು ಸಾಮಾನ್ಯವಾಗಿ ನೂರು ವರ್ಷ, ಇನ್ನೂ ಆಳದಲ್ಲಾದರೆ ಹಲವು ನೂರು ವರ್ಷ ಹಿಡಿಯುತ್ತದೆ.

ಅರಬ್ಬೀ ಸಮುದ್ರದಲ್ಲಿ ಇಂತಹ ಬಲೆಪಾತ್ರೆಗಳನ್ನು 1986ರಲ್ಲಿ ಇಳಿಸಿದವರು ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ ಹಾಗೂ ಜರ್ಮನಿಯ ಹ್ಯಾಂಬರ್ಗ್ ವಿಶ್ವವಿದ್ಯಾಲಯದ ವಿಜ್ಞಾನಿಗಳು. ಮುಂಗಾರಿನ ಗಾಳಿ ಕಡಲನ್ನು ಕಡೆದಾಗ ಅಡಿಯ ಪೋಷಕಾಂಶಗಳು ಮೇಲೇರುತ್ತವೆ, ಪ್ಲವಕಗಳು ಹುಲುಸಾಗುತ್ತವೆ, ಆಳಕ್ಕೆ ಬೀಳುವ ಕಣಗಳ ಮಳೆಯೂ ಜೋರಾಗುತ್ತದೆ ಎಂದು 1989ರಲ್ಲಿ ಅವರು ತೋರಿಸಿದರು. ಘಟ್ಟದ ಮೇಲೆ ಮಳೆ ಸುರಿಸುವ ಗಾಳಿಯೇ ಕಡಲಡಿಯಲ್ಲಿ ಇಂಗಾಲವನ್ನೂ ಸುರಿಸುತ್ತದೆ. ಆದರೆ ಹೀಗೆ ಇಳಿಯುವ ವಸ್ತು ಕೊಳೆಯುವಾಗ ಆಮ್ಲಜನಕವನ್ನು ಬಳಸಿಕೊಳ್ಳುತ್ತದೆ. ಅರಬ್ಬೀ ಸಮುದ್ರದ ನಡುಪದರದಲ್ಲಿ ಆಮ್ಲಜನಕ ಬಹುತೇಕ ಬರಿದಾಗಿರುವುದಕ್ಕೆ ಇದೂ ಒಂದು ಕಾರಣ. ಕಡಲಿಗೆ ಗೊಬ್ಬರ ಹಾಕಬೇಕೆನ್ನುವವರು ಈ ಅಂಶವನ್ನು ಸಾಮಾನ್ಯವಾಗಿ ಹೇಳುವುದಿಲ್ಲ.

ಹೌದು, ಕಡಲಿಗೆ ಗೊಬ್ಬರ. ಕಬ್ಬಿಣ ಪತ್ರಹರಿತ್ತಿನ ಅಂಗವಲ್ಲ. ಆದರೆ ಪತ್ರಹರಿತ್ತು ರೂಪುಗೊಳ್ಳಲು ಅದು ಬೇಕೇ ಬೇಕು. ಕೊರತೆಯಾದರೆ ಎಳೆಯೆಲೆ ನರಗಳ ನಡುವೆ ಹಳದಿಗಟ್ಟುವುದನ್ನು ಕೃಷಿಕರೆಲ್ಲ ಬಲ್ಲರು. ದಕ್ಷಿಣ ಮಹಾಸಾಗರದಲ್ಲಿ ಸಾರಜನಕ, ರಂಜಕ ಧಾರಾಳವಾಗಿದ್ದರೂ ಕಬ್ಬಿಣದ ಅಭಾವದಿಂದ ಪ್ಲವಕ ಬೆಳೆಯುತ್ತಿಲ್ಲವೆಂದು ವಾದಿಸಿದವರೂ ಇದೇ ಮಾರ್ಟಿನ್. ವಾದ ಸರಿಯೆಂದು ಮುಂದಿನ ಪ್ರಯೋಗಗಳು ತೋರಿಸಿದವು. ಅಷ್ಟರಲ್ಲೇ ವ್ಯಾಪಾರವೂ ಬೆನ್ನುಹತ್ತಿತು: ಕಬ್ಬಿಣ ಸುರಿದು ಸಮುದ್ರವನ್ನು ಹಸಿರಾಗಿಸಿ, ಆ ಹಸಿರಿನ ಲೆಕ್ಕದಲ್ಲಿ ಇಂಗಾಲದ ಸಾಲಪತ್ರ ಮಾರುವ ಯೋಜನೆಗಳು. ಅಕೇಶಿಯಾ ನೆಟ್ಟು ಕಾಡೆಂದು ಲೆಕ್ಕ ಬರೆಯುವುದನ್ನು ಕಂಡ ಮಲೆನಾಡಿಗರಿಗೆ ಈ ಗಣಿತ ಹೊಸದೇನಲ್ಲ.

2004ರಲ್ಲಿ ಜರ್ಮನಿಯ ಪೋಲಾರ್‌ಸ್ಟರ್ನ್ ಹಡಗು ನಡೆಸಿದ ಪ್ರಯೋಗದಲ್ಲಿ ಡಯಾಟಮ್‌ಗಳು ಸೊಂಪಾಗಿ ಬೆಳೆದವು. ಗಾಜಿನಂತಹ ಸಿಲಿಕಾ ಕವಚವುಳ್ಳ ಈ ಪ್ಲವಕಗಳು ಸತ್ತು, ಗೊಂಚಲುಗೊಂಚಲಾಗಿ ಮುಳುಗಿದವು. ಬೆಳೆದದ್ದರಲ್ಲಿ ಕನಿಷ್ಠ ಅರ್ಧ ಸಾವಿರ ಮೀಟರಿನ ಕೆಳಗಿಳಿಯಿತು. 2009ರಲ್ಲಿ ಅದೇ ಹಡಗಿನಲ್ಲಿ ಭಾರತ ಮತ್ತು ಜರ್ಮನಿಗಳು ಸೇರಿ ‘ಲೋಹಾಫೆಕ್ಸ್’ ನಡೆಸಿದವು. ಹೆಸರಿನ ಮೊದಲ ಭಾಗ ‘ಲೋಹಾ’, ಹಿಂದಿಯಲ್ಲಿ ಕಬ್ಬಿಣ. ಪರಿಸರ ಸಂಘಟನೆಗಳು ಪ್ರತಿಭಟಿಸಿದ್ದರಿಂದ ಕೆಲವು ದಿನ ತಡೆಯುಂಟಾಗಿ, ಪರಿಶೀಲನೆಯ ಬಳಿಕ ಒಪ್ಪಿಗೆ ದೊರೆಯಿತು. ದಕ್ಷಿಣ ಅಟ್ಲಾಂಟಿಕ್‌ನ ಸುಮಾರು 300 ಚದರ ಕಿಲೋಮೀಟರಿನಲ್ಲಿ ಕಬ್ಬಿಣದ ದ್ರಾವಣ ಹರಡಲಾಯಿತು. ಪ್ಲವಕಗಳು ಎರಡು ವಾರಗಳೊಳಗೆ ಇಮ್ಮಡಿಯಾದವು. ಆದರೆ ಅಲ್ಲಿನ ನೀರಿನಲ್ಲಿ ಸಿಲಿಕಾ ಮೊದಲೇ ತೀರಿತ್ತು, ಡಯಾಟಮ್ ಬೆಳೆಯಲಿಲ್ಲ. ಬೆಳೆದ ಕವಚರಹಿತ ಕಿರುಜಾತಿಗಳನ್ನು ಕೋಪಿಪಾಡ್‌ಗಳು ಮೇಯ್ದವು, ಅವನ್ನು ಇನ್ನೂ ದೊಡ್ಡ ಆಂಫಿಪಾಡ್‌ಗಳು ತಿಂದವು. ಆಳಕ್ಕಿಳಿದ ಇಂಗಾಲ ನಗಣ್ಯ. ವಿರೋಧಿಸಿದವರ ಆತಂಕ ಅನುಚಿತವಾಗಿರಲಿಲ್ಲ; ಆದರೂ ಕಡಲು ಹಸಿರಾದ ಮಾತ್ರಕ್ಕೆ ಇಂಗಾಲ ಮುಳುಗದೆಂಬುದು ಅಳತೆಗೆ ಸಿಕ್ಕಿದ್ದು ಆ ಪ್ರಯೋಗದಿಂದಲೇ. ಈ ನ್ಯಾಯವನ್ನು ವಿಜ್ಞಾನಿಗಳಿಗೆ ಸಲ್ಲಿಸಬೇಕು.

ಸಮುದ್ರಕ್ಕೆ ತ್ಯಾಜ್ಯ ಸುರಿಯುವುದನ್ನು ನಿಯಂತ್ರಿಸುವ ಲಂಡನ್ ಒಪ್ಪಂದದ ರಾಷ್ಟ್ರಗಳು, ಸಂಶೋಧನೆಯ ಹೊರತು ಇಂತಹ ಗೊಬ್ಬರ ಹಾಕುವಿಕೆ ಸಲ್ಲದೆಂದು 2008ರಲ್ಲೇ ನಿರ್ಣಯಿಸಿದ್ದವು. ಅದನ್ನು ಕಡ್ಡಾಯಗೊಳಿಸುವ 2013ರ ತಿದ್ದುಪಡಿ ಮಾತ್ರ ಹತ್ತು ವರ್ಷ ಕಳೆದರೂ ಜಾರಿಗೆ ಬರಲಿಲ್ಲ.

ಇತ್ತ ಕಡಲ ಹಿಮದ ಮೂಲ ಗುಣವೇ ಇನ್ನೂ ಬಿಚ್ಚಿಕೊಳ್ಳುತ್ತಿದೆ. ಸ್ಟ್ಯಾನ್‌ಫರ್ಡ್‌ನ ಮನು ಪ್ರಕಾಶ್ ಅವರ ತಂಡ, ಬೀಳುತ್ತಿರುವ ಕಣವನ್ನು ಬೀಳುತ್ತಿರುವಂತೆಯೇ ನೋಡಬಲ್ಲ ತಿರುಗುಚಕ್ರದ ಸೂಕ್ಷ್ಮದರ್ಶಕವನ್ನು ಹಡಗಿನಲ್ಲಿಟ್ಟು ಪರೀಕ್ಷಿಸಿ, 2024ರಲ್ಲಿ ಫಲಿತಾಂಶ ಪ್ರಕಟಿಸಿತು. ಕಣಗಳಿಗೆ ಧೂಮಕೇತುವಿನಂತೆ ಲೋಳೆಯ ಬಾಲವಿರುತ್ತದೆ. ಪಾರದರ್ಶಕವಾದ ಆ ಬಾಲ ಅದುವರೆಗೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಗಾಳಿಕೊಡೆಯಂತೆ ಅದು ಇಳಿತವನ್ನು ತಡೆಯುವುದರಿಂದ, ಮೇಲಿನ ನೂರು ಮೀಟರಿನಲ್ಲಿ ಕಣಗಳು ಕಳೆಯುವ ಕಾಲ ಎರಡು ಪಟ್ಟಾಗುತ್ತದೆ. ತಿನ್ನುವ ಬಾಯಿಗಳು ಹೆಚ್ಚಾಗಿರುವುದೂ ಆ ನೂರು ಮೀಟರಿನಲ್ಲಿಯೇ.