ಗಾಲಿ ಕೊರೆದ ಗೆರೆ



ಅಮೆರಿಕದ ವ್ಯೋಮಿಂಗ್ ರಾಜ್ಯದಲ್ಲಿ ಗರ್ನ್ಸಿ ಎಂಬ ಸಣ್ಣ ಊರಿದೆ. ಊರಾಚೆ, ನಾರ್ತ್ ಪ್ಲಾಟ್ ನದಿಯ ಪಕ್ಕದಲ್ಲಿ ಒಂದು ಮರಳುಗಲ್ಲಿನ ದಿಬ್ಬ. ಆ ದಿಬ್ಬವನ್ನು ಗಾಡಿಯ ಗಾಲಿಗಳು ಕೊರೆದುಬಿಟ್ಟಿವೆ. ಕೆಲವು ಕಡೆ ಆಳ ಐದು ಅಡಿ. ಜಾಡಿನೊಳಗೆ ಇಳಿದು ನಿಂತರೆ ಬಂಡೆಯ ಅಂಚು ಭುಜಕ್ಕೆ ಬರುತ್ತದೆ. ಬಯಲಿನಲ್ಲಾದರೆ ಮುಂದಿನ ಗಾಡಿಯ ಧೂಳು ಕುಡಿಯಬಾರದೆಂದು ಪ್ರತಿಯೊಬ್ಬನೂ ಪಕ್ಕಕ್ಕೆ ಸರಿದು ಹೊಡೆಯುತ್ತಿದ್ದ. ಈ ದಿಬ್ಬದಲ್ಲಿ ಆ ಅನುಕೂಲ ಇರಲಿಲ್ಲ. ಹೆಚ್ಚುಕಡಿಮೆ ಎಲ್ಲ ಗಾಡಿಗಳೂ ಒಂದೇ ಸಾಲಿನಲ್ಲಿ ಹತ್ತಿ ಇಳಿದವು.

ಇದು ಓರೆಗಾನ್ ದಾರಿಯ ತುಣುಕು. 1843ರಲ್ಲಿ ಸುಮಾರು ಸಾವಿರ ಮಂದಿಯ ಮೊದಲ ದೊಡ್ಡ ದಂಡು ಮಿಸೌರಿಯಿಂದ ಪಶ್ಚಿಮಕ್ಕೆ ಹೊರಟಿತು. 1869ರಲ್ಲಿ ಖಂಡದ ಆಚೀಚೆಗೆ ರೈಲು ಕೂಡಿತು. ಅಷ್ಟರಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಜನ ಓರೆಗಾನ್, ಕ್ಯಾಲಿಫೋರ್ನಿಯಾ, ಯೂಟಾ ಕಡೆಗೆ ಗಾಡಿ ಹೂಡಿದ್ದರು. ಎರಡು ಸಾವಿರ ಮೈಲಿ, ನಾಲ್ಕರಿಂದ ಆರು ತಿಂಗಳು. ಗಾಡಿಯಲ್ಲಿ ಹಿಟ್ಟು, ಉಪ್ಪು ಹಾಕಿದ ಹಂದಿಮಾಂಸ, ಹಾಸಿಗೆ. ಮನುಷ್ಯರು ಬಹುಪಾಲು ನಡೆದೇ ಹೋದರು. ಈ ವಲಸೆಯನ್ನು ಸಿನಿಮಾಗಳು ಬೇಕಾದಷ್ಟು ತೋರಿಸಿವೆ. ಇವತ್ತು ಆ ದಾರಿಯನ್ನು ಮತ್ತೆ ಹುಡುಕಿದವರ ಬಗ್ಗೆ ಮಾತಾಡೋಣ.

ಮೊದಲಿಗ ಎಜ್ರಾ ಮೀಕರ್. 1852ರಲ್ಲಿ ಹೆಂಡತಿ ಮತ್ತು ಕೈಗೂಸಿನ ಜೊತೆ ಈ ದಾರಿಯಲ್ಲಿ ಹೋದವನು. ಬಿಯರಿಗೆ ಹಾಕುವ ಹಾಪ್ಸ್ ಬೆಳೆದು ಶ್ರೀಮಂತನಾದ, ಬೆಳೆಗೆ ಹೇನು ಬಿದ್ದು ದಿವಾಳಿಯೂ ಆದ. 1906ರಲ್ಲಿ, 75ನೇ ವಯಸ್ಸಿನಲ್ಲಿ, ಒಂದು ಜೊತೆ ಎತ್ತು ಕಟ್ಟಿಕೊಂಡು ಬಂದ ದಾರಿಯಲ್ಲೇ ಹಿಂದಕ್ಕೆ, ಪೂರ್ವಕ್ಕೆ ಹೊರಟ. ಊರೂರಲ್ಲಿ ನಿಂತು, ಭಾಷಣ ಮಾಡಿ, ಚಂದಾ ಎತ್ತಿ ಗುರುತಿನ ಕಲ್ಲು ನೆಡಿಸಿದ. ದಾರಿಯಲ್ಲಿ ಒಂದು ಎತ್ತು ಸತ್ತಿತು. ಬದಲಿ ಎತ್ತು ಹೂಡಿ ವಾಷಿಂಗ್ಟನ್ ನಗರ ಮುಟ್ಟಿ, 1907ರಲ್ಲಿ ಅಧ್ಯಕ್ಷ ರೂಸ್‌ವೆಲ್ಟರಿಗೆ ತನ್ನ ಗಾಡಿ ತೋರಿಸಿದ. ಹಟವೆಂದರೆ ಇದು! ಆದರೆ ಒಂದು ಮಾತು: ಚಂದಾದ ಕಲ್ಲು ಚಂದಾ ಕೊಟ್ಟ ಊರಿನಲ್ಲಿ ಏಳುತ್ತದೆ. ಗಾಡಿ ನಿಜವಾಗಿ ಎಲ್ಲಿ ಹಾದಿತ್ತು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕು.

ಆ ಸಾಕ್ಷಿ ಸಿಗುವುದು ಮೊದಲು ಕಾಗದದಲ್ಲಿ. ವಲಸೆಗಾರರು ಬರೆದ ದಿನಚರಿಗಳಿವೆ. ಅಮೆರಿಕದ ಸರ್ಕಾರ ನೆಲವನ್ನು ಆರಾರು ಮೈಲಿಯ ಚೌಕಗಳಾಗಿ ಅಳೆಸಿದಾಗ, ಮೋಜಣಿದಾರರು ತಮ್ಮ ಗೆರೆಗೆ ಅಡ್ಡ ಬಂದ ವಲಸೆ ದಾರಿಯನ್ನೂ ಪುಸ್ತಕದಲ್ಲಿ ಬರೆದುಕೊಂಡರು. ಅದು ಇಂದಿನ ಹುಡುಕಾಟಗಾರರ ಪಾಲಿಗೆ ಚಿನ್ನ. ಆಮೇಲೆ ವಿಮಾನದಿಂದ ತೆಗೆದ ಚಿತ್ರ, ಕೊನೆಗೆ ಕಾಲ್ನಡಿಗೆ.

ನೆಲದ ಮೇಲೆ ಏನು ನೋಡಬೇಕು? ಜಾಡಿನ ತಗ್ಗಿನಲ್ಲಿ ನೀರು ನಿಲ್ಲುವ ಕಡೆ ಪೊದೆ ಸುತ್ತಲಿಗಿಂತ ಎತ್ತರ ಬೆಳೆದಿರುತ್ತದೆ. ಮಣ್ಣು ಗಟ್ಟಿಯಾದ ಕಡೆ ಕುಳ್ಳಾಗಿರುತ್ತದೆ. ಬಂಡೆಗೆ ಗಾಲಿಯ ಕಬ್ಬಿಣದ ಪಟ್ಟಿ ಉಜ್ಜಿದಲ್ಲಿ ತುಕ್ಕಿನ ಗೆರೆ ಉಳಿದಿರುತ್ತದೆ. ಲೋಹಶೋಧಕ ಕಿರುಗುಟ್ಟಿದಲ್ಲಿ ಚೌಕ ಮೊಳೆಯೋ ಸರಪಳಿಯ ಕೊಂಡಿಯೋ ಸಿಗಬಹುದು. ಎಲ್ಲಕ್ಕಿಂತ ಒಳ್ಳೆಯ ಸಾಕ್ಷಿ ಎತ್ತಿನ ಲಾಳ. ನಮ್ಮೂರಲ್ಲಿ ಎತ್ತನ್ನು ಕೆಡವಿ ಲಾಳ ಕಟ್ಟುವುದನ್ನು ನೋಡಿದವರಿಗೆ ಹೇಳಬೇಕಿಲ್ಲ: ಗೊರಸು ಸೀಳಿರುವುದರಿಂದ ಕಾಲಿಗೆ ಎರಡೆರಡು ಬಿಲ್ಲೆ. ಕುದುರೆಯ ಲಾಳದ ಜೊತೆ ಅದನ್ನು ಯಾರೂ ಅದಲುಬದಲು ಮಾಡಲಾರರು. ಐಡಹೊದ ಸಿಟಿ ಆಫ್ ರಾಕ್ಸ್‌ನಲ್ಲಂತೂ ವಲಸೆಗಾರರು ಕೀಲೆಣ್ಣೆಯಲ್ಲಿ ಬೆರಳದ್ದಿ ಬಂಡೆಯ ಮೇಲೆ ಹೆಸರು ಬರೆದಿದ್ದಾರೆ, ಇನ್ನೂ ಓದಬಹುದು.

1982ರಲ್ಲಿ ಹುಟ್ಟಿದ ಓರೆಗಾನ್-ಕ್ಯಾಲಿಫೋರ್ನಿಯಾ ಟ್ರೇಲ್ಸ್ ಅಸೋಸಿಯೇಷನ್ ಇದಕ್ಕೊಂದು ಶಿಸ್ತು ತಂದಿತು. ಅದರ ನಕ್ಷೆಗಾರರು ಜಾಡನ್ನು ಐದು ದರ್ಜೆಗೆ ಹಾಕುತ್ತಾರೆ. ಹಾಗೇ ಉಳಿದದ್ದು ಒಂದನೆಯದು, ಬರೀ ಅಂದಾಜಿನದು ಐದನೆಯದು. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ನಕ್ಷೆಯಲ್ಲಿ ಬರೆಯುವ ಈ ಪ್ರಾಮಾಣಿಕತೆ ನನಗೆ ಬಹಳ ಹಿಡಿಸಿತು.

ಇನ್ನು ಡಾನರ್ ತಂಡದ ಕಥೆ. 1846ರಲ್ಲಿ ಅಡ್ಡದಾರಿಯ ಆಸೆಗೆ ಬಿದ್ದು ಯೂಟಾದ ಉಪ್ಪು ಮರುಭೂಮಿಗೆ ಇಳಿದ ವಲಸೆಗಾರರು ಇವರು. ಉಪ್ಪಿನ ಪದರ ಕುಸಿದು ಗಾಲಿಗಳು ಕೆಸರಿನಲ್ಲಿ ಹೂತವು. ಕೆಲವು ಗಾಡಿಗಳನ್ನು ಅಲ್ಲೇ ಬಿಟ್ಟು ನಡೆದರು. ಬಿಟ್ಟ ಗಾಡಿಗೆ ಗಾಳಿ ಮಣ್ಣು ತಂದು ಸುರಿದು ಸಣ್ಣ ಗುಪ್ಪೆಗಳಾದವು. 1986ರಲ್ಲಿ, ಆ ಜಾಗಕ್ಕೆ ಹತ್ತಿರದ ಸರೋವರದ ನೀರು ಪಂಪ್ ಮಾಡುವ ಯೋಜನೆ ಬಂದಾಗ, ಹಾಕಿನ್ಸ್ ಮತ್ತು ಮ್ಯಾಡ್ಸನ್ ಎಂಬ ಪುರಾತತ್ವಜ್ಞರು ಗುಪ್ಪೆಗಳನ್ನು ಬಗೆದರು. 140 ವರ್ಷ ಹಳೆಯ ಗಾಲಿಗುರುತು ಅಡಿಯಲ್ಲಿ ಹಾಗೇ ಇತ್ತು.

ತಡವಾದ ಆ ತಂಡ ಸಿಯೆರ್ರಾ ನೆವಾಡ ಬೆಟ್ಟಗಳ ಹಿಮದಲ್ಲಿ ಸಿಕ್ಕಿಬಿತ್ತು. 87 ಜನರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಸತ್ತರು. ಬದುಕಿದವರು ಸತ್ತವರನ್ನು ತಿಂದರು ಎಂಬುದೇ ಲೋಕಕ್ಕೆ ನೆನಪಿರುವುದು. 2003–04ರಲ್ಲಿ ಪುರಾತತ್ವಜ್ಞರಾದ ಕೆಲ್ಲಿ ಡಿಕ್ಸನ್ ಮತ್ತು ಜೂಲಿ ಶಾಬ್ಲಿಟ್ಸ್ಕಿ ಆ ತಂಡದ ಆಲ್ಡರ್ ಕ್ರೀಕ್ ಬಿಡಾರದ ಒಲೆಯ ಜಾಗ ಅಗೆದಾಗ 16 ಸಾವಿರಕ್ಕೂ ಹೆಚ್ಚು ಮೂಳೆಚೂರು ಸಿಕ್ಕವು, ಉಗುರಿನಷ್ಟು ಉಗುರಿನಷ್ಟು. ದನ, ಕುದುರೆ, ಜಿಂಕೆ, ಜೊತೆಗೆ ನಾಯಿ. ಪರೀಕ್ಷಿಸಿದ ಚೂರುಗಳಲ್ಲಿ ಮನುಷ್ಯನದೆಂದು ಗುರುತಿಸಲಾದದ್ದು ಒಂದೂ ಇಲ್ಲ. ಹಾಗಾದರೆ ಆ ಮಾತು ಸುಳ್ಳೇ ಎಂದು ಪತ್ರಿಕೆಗಳು ಕುಣಿದವು. ಆದರೆ ಆ ಹುಳಿಮಣ್ಣಿನಲ್ಲಿ ಉಳಿಯುವುದು ಸುಟ್ಟ ಮೂಳೆ ಮಾತ್ರ, ಸುಡದ ಮೂಳೆ ಕರಗಿಹೋಗುತ್ತದೆ. ನೆಲ ಅಷ್ಟಕ್ಕೇ ಬಾಯಿ ಮುಚ್ಚಿತು. ನನ್ನ ಮನಸ್ಸಿಗೆ ತಾಗಿದ್ದು ಬೇರೆ: ಅದೇ ಒಲೆಯ ಬಳಿ ಪಿಂಗಾಣಿ ಬಟ್ಟಲಿನ ಚೂರು, ಬರೆಯುವ ಸ್ಲೇಟಿನ ತುಂಡು ಸಿಕ್ಕವು.

ಆ ಬೆಟ್ಟಗಳು ವಾಶೋ ಜನರ ನಾಡು. ತಮ್ಮ ಹಿರಿಯರು ಹಸಿದ ಈ ಪರದೇಶಿಗಳಿಗೆ ಆಹಾರ ಕೊಡಲು ಹೋಗಿದ್ದರು ಎಂದು ಅವರು ಇಂದಿಗೂ ಹೇಳುತ್ತಾರೆ. ವಲಸೆಗಾರರ ದಾರಿ ಬಹಳ ಕಡೆ ಮೂಲನಿವಾಸಿಗಳ ಹಳೆಯ ಕಾಲುದಾರಿಯೇ. ಮೀಕರನ ಕಲ್ಲುಗಳು ಕೊಂಡಾಡಿದ್ದು ಗಾಡಿಯಲ್ಲಿ ಬಂದವರನ್ನು ಮಾತ್ರ.

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗುವವರು ನಮ್ಮ ಕೇಳುಗರಲ್ಲಿ ಅನೇಕರಿದ್ದೀರಿ. ವ್ಯೋಮಿಂಗ್ ಕಡೆ ಕರೆದೊಯ್ದರೆ ಗರ್ನ್ಸಿಯಲ್ಲಿ ಅರ್ಧ ಗಂಟೆ ಕಾರು ನಿಲ್ಲಿಸಲು ಹೇಳಿ. ಅಂಥ ಯಾವ ಜಾಡಿನಲ್ಲಾದರೂ ತುಕ್ಕು ಹಿಡಿದ ಮೊಳೆ ಕಣ್ಣಿಗೆ ಬಿದ್ದರೆ ಫೋಟೋ ತೆಗೆದುಕೊಳ್ಳಿ. ಮೊಳೆ ಇದ್ದಲ್ಲೇ ಇರಲಿ. ಜೇಬಿಗೆ ಸೇರಿದ ಮೊಳೆ ಯಾವ ದಾರಿಯನ್ನೂ ತೋರಿಸುವುದಿಲ್ಲ.